ಮೇಷ್ಟ್ರ ಅಂಕಣದ ಮೇಲೆ ಕ್ರಷರ್ ಪುಡಿ

ನಮ್ಮ ಖೋಖೋ ಅಂಕಣದ ಮೇಲೆ ಕ್ರಷರ್ ಪುಡಿ ಸುರಿದವರು ವೈರಿಗಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ವೈರಿಗಳಾಗಿದ್ದರೆ ನಾಲ್ಕು ಬೈದು, ಪೊಲೀಸರಿಗೆ ಒಂದು ದೂರು ಕೊಟ್ಟು, ಪುಡಿ ಎತ್ತಿಸಿ ಮುಗಿಸುತ್ತಿದ್ದೆ. ಸುರಿದವರು ನಮ್ಮವರೇ. ಆ ಅಂಕಣದಲ್ಲೇ ಬಿದ್ದು ಎದ್ದು ದೊಡ್ಡವರಾದವರು. ಅದನ್ನು ಕಟ್ಟಿದ ಮೇಷ್ಟ್ರಿಗೆ ಸನ್ಮಾನ ಮಾಡಬೇಕೆಂದು ಹೊರಟು, ಆ ಮನುಷ್ಯನ ಜೀವಮಾನದ ಕೆಲಸವನ್ನೇ ಹೂತು, ಮೇಲೆ ರೋಲರ್ ಹೊಡೆಸಿ, "ಹೆಂಗೈತೆ ಮೇಡಂ ಸರ್‌ಪ್ರೈಸು?" ಎಂದು ನನ್ನನ್ನೇ ಕೇಳಿದರು.

ನಾನು ಮಧುಗಿರಿಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಇದ್ದವರು ಮೇಷ್ಟ್ರು. ಇದ್ದವರು ಅಂದೆ, ಆದರೆ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನಂತೂ ನೋಡಿಲ್ಲ. ಬಡವನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಅವರ ಕೈಕೆಳಗೆ ಆಡಿದವಳು ನಾನು. ಅವರು ನಿವೃತ್ತರಾದ ಮೇಲೆ ಅದೇ ಸೀಟಿಯನ್ನು ಕೊರಳಿಗೆ ಹಾಕಿಕೊಂಡವಳೂ ನಾನೇ.

ಹೊರಗಿನವರಿಗೆ ನಮ್ಮ ಅಂಕಣ ಬರೀ ಮಣ್ಣಿನ ನೆಲ. ಆದರೆ ಖೋಖೋದಲ್ಲಿ ಅಟ್ಟಿಸಿಕೊಂಡು ಹೋಗುವವಳು ಓಡುವವಳನ್ನು ಮುಟ್ಟಬೇಕಾದರೆ ಕೊನೆಯ ಗಳಿಗೆಯಲ್ಲಿ ಮೈಯನ್ನು ನೆಲಕ್ಕೆ ಚೆಲ್ಲಬೇಕು. ಎದೆ, ಮೊಣಕೈ, ತೊಡೆ ಎಲ್ಲ ಉಜ್ಜಿಕೊಂಡು ಒಂದು ಮಾರು ಜಾರಬೇಕು. ಅದಕ್ಕೆ ಡೈವ್ ಎನ್ನುತ್ತೇವೆ. ಅಂಕಣದ ಎರಡು ತುದಿಗೂ ಒಂದೊಂದು ಕಂಬ ಇರುತ್ತದೆ. ಓಡಿಬಂದ ವೇಗದಲ್ಲೇ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನು ಆಚೆಗೆ ಬೀಸಿ ಬಿದ್ದು ಮುಟ್ಟುವುದು ಇನ್ನೂ ಕಷ್ಟದ್ದು. ನೆಲ ಕಲ್ಲಾಗಿದ್ದರೆ ಮೂಳೆ ಹೋಗುತ್ತದೆ, ಸಡಿಲವಾಗಿದ್ದರೆ ಕಾಲು ಉಳುಕುತ್ತದೆ, ಹರಳಿದ್ದರೆ ಚರ್ಮ ಸುಲಿಯುತ್ತದೆ. ಅಂಥ ನೆಲ ಅಂಗಡಿಯಲ್ಲಿ ಸಿಗುವುದಿಲ್ಲ.

ಮೇಷ್ಟ್ರು ಅದನ್ನು ಮಾಡಿದ ಬಗೆಯೇ ಬೇರೆ. ಹೊಸದಾಗಿ ತಂಡಕ್ಕೆ ಬರುವ ಪ್ರತಿ ಹುಡುಗ, ಹುಡುಗಿ ತಮ್ಮ ಊರಿನಿಂದ ಒಂದು ಚೀಲ ಮಣ್ಣು ತರಬೇಕು. ಮಣ್ಣು ತಂದ ಮೇಲೇ ಹೆಸರು ಬರೆಯುತ್ತಿದ್ದುದು. ಮದಲೂರಿನವರು ಕೆರೆಯ ಗೋಡು ತರುತ್ತಿದ್ದರು, ಕಪ್ಪಗೆ, ಅಂಟು. ವೈ.ಎನ್. ಹೊಸಕೋಟೆ ಕಡೆಯವರದು ಕಡಲೆಕಾಯಿ ಹೊಲದ ಕೆಂಪು ಮಣ್ಣು, ಬೆರಳ ಸಂದಿಯಲ್ಲಿ ಜಾರುವಂಥದ್ದು. ಮೇಷ್ಟ್ರು ಎಲ್ಲವನ್ನೂ ಹೆಂಟೆ ಒಡೆಸಿ, ಜರಡಿ ಹಿಡಿಸಿ, ಬೆರೆಸಿ, ನೀರು ಚಿಮುಕಿಸಿ ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಕೆಳಕ್ಕೆ ಬಿಡುತ್ತಿದ್ದರು. ಉಂಡೆ ಪುಡಿಪುಡಿಯಾದರೆ ಕೆರೆಗೋಡು ಸಾಲದು. ಅಪ್ಪಚ್ಚಿಯಾಗಿ ಕೂತರೆ ಕೆಮ್ಮಣ್ಣು ಸಾಲದು. ನೆಟ್ಟಗೆ ಎರಡು ಹೋಳಾದರೆ, "ಹೂಂ, ಹಾಕ್ರಲಾ" ಎನ್ನುತ್ತಿದ್ದರು. ಆಮೇಲೆ ತಂಡವೆಲ್ಲ ಬರಿಗಾಲಲ್ಲಿ ಸಾಲಾಗಿ ನಿಂತು ತುಳಿಯಬೇಕು.

ಒಂದು ಸಲ ಒಬ್ಬ ಹುಡುಗ, ಇನ್ನೊಬ್ಬ ತಂದ ಮಣ್ಣು ಯಾವ ಕೇರಿಯದು ಎಂದು ಮೂಗು ಮುರಿದ. ಮೇಷ್ಟ್ರು ಅವನ ಕೈಗೇ ಜರಡಿ ಕೊಟ್ಟು ಇಬ್ಬರ ಮಣ್ಣನ್ನೂ ಒಟ್ಟಿಗೆ ಹಿಡಿಸಿದರು. ಹಿಡಿದಾದ ಮೇಲೆ, "ಈಗ ಅವ್ನುದ್ಯಾವ್ದು ನಿಂದ್ಯಾವ್ದು ಆರ್ಸಿ ಪಕ್ಕಕ್ಕಿಡ್ಲಾ, ನೋಡೇ ಬುಡ್ತೀನಿ" ಎಂದರು. ಸಂಜೆಯವರೆಗೂ ಅವನನ್ನು ಆ ಗುಡ್ಡೆಯ ಮುಂದೆ ಕೂರಿಸಿದ್ದರು. ಅವನು ಆಮೇಲೆ ನಮ್ಮ ತಂಡದ ನಾಯಕನೂ ಆದ.

ಇನ್ನೊಂದು ಕಟ್ಟಳೆ ಇತ್ತು. ಅಂಕಣಕ್ಕೆ ಚಪ್ಪಲಿ, ಶೂ ಇಲ್ಲ. ಹಳೆಯ ಆಟಗಾರ ಯಾರೇ ಬರಲಿ, ಎಷ್ಟು ದೊಡ್ಡ ಸಾಹೇಬನೇ ಆಗಿರಲಿ, ಕಾಲಲ್ಲಿದ್ದದ್ದು ಬಿಚ್ಚಿ, ನಡೆದುಹೋಗಿ ಕಂಬ ಮುಟ್ಟಿ ಬಂದು ಆಮೇಲೆ ಮಾತಾಡಬೇಕು. ಮರೆತು ಕಾಲಿಟ್ಟರೆ ಮೇಷ್ಟ್ರು "ಲೇ! ಬಿಚ್ಲೇ!" ಎಂದು ಕೂಗುತ್ತಿದ್ದ ಕೂಗಿಗೆ ಬಸ್‌ ಸ್ಟ್ಯಾಂಡಿನಲ್ಲಿದ್ದವರೂ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಒಮ್ಮೆ ಪ್ರಾಂಶುಪಾಲರಿಗೇ ಹಾಗೆ ಕೂಗಿದ್ದರು. ಅವರೂ ಬಿಚ್ಚಿದರು.

ಇಂಥವರಿಗೆ ಸನ್ಮಾನ ಮಾಡಬೇಕೆಂದು ಹಳೆಯ ವಿದ್ಯಾರ್ಥಿಗಳು ವಾಟ್ಸಾಪ್ ಗುಂಪು ಕಟ್ಟಿದಾಗ ಮೊದಲು ಕುಣಿದವಳು ನಾನೇ. ಮುಂದಾಳು ಶಿರಾದ ಒಬ್ಬ ಗುತ್ತಿಗೆದಾರ, ನನ್ನ ಸಹಪಾಠಿ. ಒಳ್ಳೆಯ ಓಟಗಾರನಾಗಿದ್ದ, ಈಗ ರಸ್ತೆ ಕೆಲಸ ಮಾಡಿಸುತ್ತಾನೆ, ಎರಡು ಜೆಸಿಬಿ ಇವೆ. ಕಾರ್ಯಕ್ರಮ ಕಾಲೇಜಿನ ಒಳಾಂಗಣದಲ್ಲಿ ಎಂದು ಮಾತಾಗಿತ್ತು. ಸನ್ಮಾನ ಆದ ವಾರಕ್ಕೆ ಅಂತರ ಕಾಲೇಜು ಮಹಿಳಾ ಖೋಖೋ ಪಂದ್ಯಾವಳಿ ನಮ್ಮಲ್ಲೇ ನಡೆಯಬೇಕಿದ್ದುದರಿಂದ, ಅಂಕಣದ ಕಡೆ ಯಾರೂ ಸುಳಿಯಬೇಡಿ ಎಂದು ನಾನು ಬಾಯಿ ಬಿಟ್ಟು ಹೇಳಿದ್ದೆ. "ಆಯ್ತು ಬುಡಮ್ಮ ತಾಯಿ" ಎಂದಿದ್ದ.

ನಾನು ಗಂಡುಮಕ್ಕಳ ತಂಡವನ್ನು ಹೊರಗಿನ ಪಂದ್ಯಕ್ಕೆ ಕರೆದುಕೊಂಡು ಹೋಗಿ ವಾಪಸ್ಸು ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಗೇಟು ದಾಟಿದರೆ ಕಣ್ಣು ಕೋರೈಸುವ ಬೂದು ಬಣ್ಣ. ಕಲ್ಲು ಕ್ವಾರಿಯಲ್ಲಿ ಜಲ್ಲಿ ಒಡೆದಾಗ ಉಳಿಯುವ ಪುಡಿ ಇದೆಯಲ್ಲ, ಅದನ್ನು ಟಿಪ್ಪರ್‌ಗಟ್ಟಲೆ ತಂದು ಅಂಕಣದ ಉದ್ದಗಲಕ್ಕೂ ಹಾಸಿ ರೋಲರ್ ಹೊಡೆದಿದ್ದರು. ಎರಡು ಕಂಬಕ್ಕೂ ಹೊಸ ಬಣ್ಣ. ಪಕ್ಕದಲ್ಲಿ 'ನವೀಕೃತ ಕ್ರೀಡಾಂಗಣ, ಮೇಷ್ಟ್ರಿಗೆ ಶಿಷ್ಯವೃಂದದ ಗುರುಕಾಣಿಕೆ' ಎಂದು ಕೆತ್ತಿದ ಗ್ರಾನೈಟ್ ಕಲ್ಲು ಬೇರೆ. ಗಣೇಶನನ್ನು ಮಾಡು ಅಂದರೆ ಅವರಪ್ಪನನ್ನು ಮಾಡಿದರಂತೆ, ಹಾಗಾಯಿತು.

"ಒಳಗಡೆ ಜಾಗ ಸಾಲಲ್ಲ ಮೇಡಂ, ಜನ ಜಾಸ್ತಿ ಬತ್ತಾವ್ರೆ. ಗಣ್ಯರ ಕಾರು ನಿಲ್ಲಿಸೋಕೆ ಜಾಗ ಬ್ಯಾಡವಾ? ನೆಲ ಹಳ್ಳ ತಿಟ್ಟು ಇತ್ತು. ಸಮ ಮಾಡ್ಸಿ ಕೊಟ್ಟೆ. ಎಲ್ಲಾ ನಂದೇ ಖರ್ಚು," ಎಂದು ಗುತ್ತಿಗೆದಾರ ಎದೆ ಮುಟ್ಟಿಕೊಂಡ.

"ಹಳ್ಳ ತಿಟ್ಟಾ? ನಿನ್ ಕಣ್ಣಲ್ಲಿ ಹಳ್ಳ ಬಿದ್ದಿರೋದು! ಅದ್ರಲ್ಲಿ ನೀನು ತಂದಿದ್ದ ಮಣ್ಣೂ ಐತಲ್ಲೋ ಮಾರಾಯ! ಇದ್ರ ಮೇಲೆ ಒಂದು ಡೈವ್ ಹೊಡಿ, ಈಗ್ಲೇ ಹೊಡಿ, ನೋಡ್ತೀನಿ!"

"ಏ, ಕಾಲ ಬದಲಾಯ್ತು ಕಣಮ್ಮ. ಇನ್ನೂ ಮಣ್ಣು ಮಣ್ಣು ಅಂತೀಯಲ್ಲ," ಎಂದು ನಕ್ಕ. ಅವನ ನಗುವಿನಲ್ಲಿ ಒಂದಿಷ್ಟೂ ಕೆಟ್ಟತನ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು.

ಪ್ರಾಂಶುಪಾಲರ ಕೋಣೆಗೆ ಹೋದೆ. ಪುಡಿ ತೆಗೆಸಿ ಅಂದೆ. ಅವರು ಕನ್ನಡಕ ಒರೆಸಿಕೊಂಡರು. "ನೋಡಿ, ಅವ್ರು ಪ್ರೀತಿಯಿಂದ ಮಾಡ್ಸಿದಾರೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರ್ದು. ಕಲ್ಲು ಬೇರೆ ಹಾಕ್ಸಿದಾರೆ. ಈಗ ಕಿತ್ತು ಹಾಕಿದ್ರೆ ಅವಮಾನ ಆಗಲ್ವಾ?"

"ಹಸು ಒದ್ದು ಮಕ್ಕಳ ಮಂಡಿ ಮುರಿದ್ರೂ ಎಣಿಸಬಾರ್ದಾ ಸರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಬಂದೆ. ಮರುದಿನ ಬೆಳಿಗ್ಗೆ ಹುಡುಗಿಯರಿಗೆಲ್ಲ ಸಲಿಕೆ ಕೊಟ್ಟು ಕೆರೆಸಲು ಶುರು ಮಾಡಿದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಅಟೆಂಡರ್ ಓಡಿಬಂದು ಪ್ರಾಂಶುಪಾಲರ ಆಜ್ಞೆ ಎಂದು ಸಲಿಕೆಗಳನ್ನು ಎತ್ತಿಕೊಂಡು ಹೋದ.

ನಾನು ಸಲಿಕೆಗಾಗಿ ಜಗಳ ಆಡುತ್ತಿದ್ದಾಗ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳಲು ಆಟ ಶುರು ಮಾಡಿದ್ದರು. ತಂಡದಲ್ಲಿ ವೈ.ಎನ್. ಹೊಸಕೋಟೆಯ ಒಬ್ಬ ಹುಡುಗಿ ಇದ್ದಾಳೆ, ಕಂಬ ಕಂಡರೆ ಅವಳಿಗೆ ಸುಮ್ಮನಿರಲು ಆಗುವುದಿಲ್ಲ. ಕಂಬ ಹಿಡಿದು ಬೀಸಿದ ಅಭ್ಯಾಸದ ಮೈ, ಬಿದ್ದೇ ಬಿಟ್ಟಳು. ನಾನು ತಿರುಗುವಷ್ಟರಲ್ಲಿ ದುಪಟ್ಟಾದಲ್ಲಿ ಮೊಣಕೈ ಸುತ್ತಿ ಹಿಂದಕ್ಕೆ ಬಚ್ಚಿಟ್ಟುಕೊಂಡಿದ್ದಳು.

"ತೋರ್ಸು."

"ಏಂ ಕಾಲೇದು ಮೇಡಂ, ಏನೂ ಆಗಿಲ್ಲ. ಸುಮ್ನೆ ತರಚಿದೆ."

ಬಟ್ಟೆ ಬಿಚ್ಚಿದರೆ ಮೊಣಕೈಯಿಂದ ಮುಂಗೈವರೆಗೆ ಚರ್ಮವೇ ಇರಲಿಲ್ಲ. ರಕ್ತದ ಒಳಗೆ ಬೂದಿಯಂಥ ಕಲ್ಲುಪುಡಿ ಕೂತಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುವಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡು ಗೋಡೆ ನೋಡುತ್ತಿದ್ದಳು. ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಈ ಹುಡುಗಿಗೆ ಈ ಪಂದ್ಯಾವಳಿ ಎಂದರೆ ಏನು ಎಂಬುದನ್ನು ಹೇಳಬೇಕು. ಅವಳ ಅಪ್ಪ ಮಗ್ಗದವರು, ರೇಷ್ಮೆ ಸೀರೆ ನೇಯುತ್ತಾರೆ. ಮಗಳನ್ನು ಆಟಕ್ಕೆ ಬಿಡಲು ನಾನು ಹೊಸಕೋಟೆಗೆ ಎಷ್ಟು ಸಲ ಎಡತಾಕಿದ್ದೇನೋ. ಕೊನೆಗೆ, "ಮಧುಗಿರಿ ಅಂದ್ರೆ ಸರೇ ಮೇಡಂ, ದಿನಾ ಹೋಗಿ ಬರೋ ಊರು. ಅಲ್ಲಿಂದ ಅವತಲಿಗೆ ಕಳ್ಸೋ ಮಾತೇ ಇಲ್ಲ," ಎಂದು ಒಪ್ಪಿದ್ದರು. ಅವಳದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡ ಆರಿಸುವವರು ಈ ಸಲ ನಮ್ಮಲ್ಲಿಗೇ ಬರುವವರಿದ್ದರು. ಒಮ್ಮೆ ಆಯ್ಕೆಯಾದರೆ ಅಪ್ಪನ ಮುಂದೆ ಇಟ್ಟು ವಾದಿಸಲು ಅವಳ ಕೈಗೆ ಒಂದು ಆಧಾರ ಸಿಗುತ್ತಿತ್ತು. ಇಲ್ಲದಿದ್ದರೆ ಪರೀಕ್ಷೆ ಮುಗಿದ ದಿನವೇ ಆಟವೂ ಮುಗಿಯಿತು. ತಂಡದ ಅರ್ಧ ಹುಡುಗಿಯರ ಮನೆಯಲ್ಲೂ ಇದೇ ಮಾತು, ಬೇರೆ ಊರಾದರೆ ಕಳಿಸುವುದಿಲ್ಲ.

ಅದೇ ವಾರ ಪಂದ್ಯಾವಳಿಯ ಸಂಚಾಲಕರು ನೆಲ ನೋಡಲು ಬಂದರು. ಶೂ ತುದಿಯಿಂದ ಪುಡಿ ಕೆದಕಿ, ಹುಡುಗಿಯ ಕೈಯ ಬ್ಯಾಂಡೇಜ್ ನೋಡಿ ತಲೆ ಅಲ್ಲಾಡಿಸಿದರು. "ಇದ್ರ ಮೇಲೆ ಹೆಣ್ಮಕ್ಕಳನ್ನ ಆಡ್ಸಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಮೇಡಂ. ಸನ್ಮಾನ ಮುಗಿದ ಮಾರನೇ ದಿನ ಮತ್ತೆ ಬರ್ತೀನಿ. ಮಣ್ಣು ಕಂಡ್ರೆ ಸರಿ, ಇಲ್ಲಾಂದ್ರೆ ತುಮಕೂರಿಗೆ ವರ್ಗಾಯಿಸ್ತೀನಿ," ಎಂದರು. ಅವರ ಮೇಲೆ ಸಿಟ್ಟು ಮಾಡುವಂತೆಯೂ ಇರಲಿಲ್ಲ, ಅವರು ಹೇಳಿದ್ದು ನ್ಯಾಯವೇ.

ಉಳಿದದ್ದು ಒಂದೇ ದಾರಿ, ಮೇಷ್ಟ್ರು. ಅವರು ಒಂದು ಮಾತು ಕೂಗಿದರೆ ಸಾಕು, ಗುತ್ತಿಗೆದಾರ ಹಲ್ಲಿನಲ್ಲಿ ಪುಡಿ ಎತ್ತುತ್ತಾನೆ ಎಂದುಕೊಂಡು ಕೊರಟಗೆರೆಗೆ ಸ್ಕೂಟರ್ ಓಡಿಸಿದೆ. ಮೇಷ್ಟ್ರು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಂಡಿ ಸವೆದು ವಾಕರ್ ಹಿಡಿದೇ ಓಡಾಟ. ಸಕ್ಕರೆ ಕಾಯಿಲೆ ಬೇರೆ. ನಾನು ನಿಂತೇ ಎಲ್ಲ ಒದರಿದೆ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ದಪ್ಪ ಹಾಕವ್ರೆ?" ಎಂದರು.

"ಬೆರಳುದ್ದ."

"ನೀರಾಕಿ ರೋಲರ್ ಹೊಡ್ದವ್ರಾ, ಒಣಗ್ಲಲ್ಲೇ ಹೊಡ್ದವ್ರಾ?"

"ಒಣಗ್ಲಲ್ಲೇ."

"ಅಂಗಾರೆ ತಳಕ್ಕೆ ಹಿಡ್ದಿರಲ್ಲ. ನೀರೊಂದು ಬೀಳ್ಬಾರ್ದು, ನೋಡ್ಕೊ. ನೀರು ಬಿತ್ತೋ, ಮಣ್ಣಿಗೆ ಕಚ್ಕತದೆ. ಆಮೇಲೆ ದೇವ್ರು ಬಂದ್ರೂ ಬುಡ್ಸಕಾಗಲ್ಲ."

"ಸರ್, ನೀರಿನ ವಿಚಾರ ಅಲ್ಲ ನಾನು ಕೇಳ್ತಿರೋದು. ಅವನಿಗೆ ಫೋನ್ ಮಾಡಿ ತೆಗಿ ಅನ್ನಿ."

ಆಗ ಕಾಯಿ ಕೆಳಗಿಟ್ಟರು. "ಬುಡು ಕಣಮ್ಮ. ಹುಡುಗ್ರು ಆಸೆ ಪಟ್ಟು ಮಾಡವ್ರೆ. ನಾನು ಅವ್ರಿಗೆ ಬೈದಿದ್ದೆಲ್ಲ ಸಾಕು. ಈ ವಯಸ್ನಾಗೆ ಅವ್ರು ಕೊಟ್ಟಿದ್ದನ್ನ ಎಡಗೈಯಾಗೆ ತಳ್ಳೋದು ಹೆಂಗೆ?"

 "ಪ್ರಾಂಶುಪಾಲರಿಗೇ ಬಿಚ್ಲೇ ಅಂದೋರು ನೀವು! ಈಗ ಮಕ್ಕಳ ಚರ್ಮ ಹೋಗ್ತಿದ್ರೆ ಬುಡು ಅಂತೀರಲ್ಲ! ಎಲ್ಲಿಗೆ ಹೋಯ್ತು ಸರ್ ಆ ಬಾಯಿ? ಶಾಲು ಹೊದಿಸ್ತೀವಿ ಅಂದ ಕೂಡ್ಲೇ ಮುಚ್ಕೊತದಾ?" ಎಂದುಬಿಟ್ಟೆ. ಅವರ ಹೆಂಡತಿ ಒಳಗಿಂದ ಕಾಫಿ ಹಿಡಿದು ಬಂದವರು ಅಲ್ಲೇ ನಿಂತರು. ಕಾಫಿ ಕುಡಿಯದೆ ಬಂದೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಬೈದುಕೊಂಡು ಬಂದೆ.

ಆದರೂ ನೀರಿನ ಮಾತು ತಲೆಯಲ್ಲಿ ಕೂತಿತ್ತು, ಒಳ್ಳೆಯದಾಯಿತು. ಸನ್ಮಾನದ ಹಿಂದಿನ ದಿನ ಶಿರಾದಿಂದ ನೀರಿನ ಟ್ಯಾಂಕರ್ ಬಂದು ಗೇಟಿನಲ್ಲಿ ನಿಂತಿತು. ಗಣ್ಯರ ಬಟ್ಟೆಗೆ ಧೂಳು ಹಾರಬಾರದು ಎಂದು ಗುತ್ತಿಗೆದಾರ ಕಳಿಸಿದ್ದನಂತೆ. ನಾನು ಹೋಗಿ ಟ್ಯಾಂಕರಿನ ಮುಂದೆ ಸ್ಕೂಟರ್ ನಿಲ್ಲಿಸಿ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅರೆ ಮೇಡಂ, ಗ್ರೌಂಡಿಗೆ ಹೊಡಿ ಅಂತ ಹೇಳವ್ರೆ. ನಮ್ದು ಏನು ಗಲತಿ?" ಎಂದ ಡ್ರೈವರು.

"ನಿಂದೇನೂ ತಪ್ಪಿಲ್ಲಪ್ಪ. ಗ್ರೌಂಡಿಗೆ ಹೊಡ್ದೆ ಅಂತ್ಲೇ ಹೇಳು. ಅಲ್ಲಿ ಸಾಲಾಗಿ ಬೇವಿನ ಗಿಡ ಅವೆಯಲ್ಲ, ಅದೂ ಗ್ರೌಂಡೇ."

ಅವನು ನನ್ನ ಮುಖ ನೋಡಿದ, ಸ್ಕೂಟರ್ ನೋಡಿದ. "ಗಿಡಕ್ಕೆ ಹಾಕಿದ್ರೆ ಸವಾಬ್ ಬರ್ತದೆ, ಪುಣ್ಯ, ನಡೀರಿ," ಎಂದು ಪೈಪು ಆ ಕಡೆ ತಿರುಗಿಸಿದ. ಒಂದು ಹನಿಯೂ ಅಂಕಣಕ್ಕೆ ಬೀಳಲಿಲ್ಲ.

ಸನ್ಮಾನದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಅಂಕಣದ ಪಕ್ಕದಲ್ಲಿ ಶಾಮಿಯಾನ, ವೇದಿಕೆ. ಅಂಕಣದ ಒಂದು ಬದಿಗೆ ಕಾರುಗಳ ಸಾಲು. ಮೇಷ್ಟ್ರಿಗೆ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಸಾಲದ್ದಕ್ಕೆ ಹೊಳೆಯುವ ಹೊಸ ಕರಿ ಶೂ, ಶಿಷ್ಯರ ಕಾಣಿಕೆ. ಬರಿಗಾಲಿನ ಮನುಷ್ಯನಿಗೆ ಶೂ! ಪೇಟದ ಕೆಳಗೆ ಅವರ ಮುಖ ಎಷ್ಟು ಚಿಕ್ಕದಾಗಿತ್ತೆಂದರೆ ನನಗೆ ನೋಡಲಾಗಲಿಲ್ಲ. ನಿರೂಪಣೆ ನನ್ನದೇ. ಭಾಷಣದ ಮೇಲೆ ಭಾಷಣ. ಮೇಷ್ಟ್ರು ಮಹಾನ್ ಚೇತನ, ಮೇಷ್ಟ್ರು ದಾರಿದೀಪ. ಒಬ್ಬನಾದರೂ ಮಣ್ಣಿನ ಸುದ್ದಿ ಎತ್ತಬೇಕಲ್ಲ, ಊಹೂಂ. ಅಭ್ಯಾಸ ಮಾಡಬೇಕಿದ್ದ ನಮ್ಮ ಹುಡುಗಿಯರು ಹಿಂದಿನ ಸಾಲಿನಲ್ಲಿ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದರು. ಹೊಸಕೋಟೆಯವಳ ಬ್ಯಾಂಡೇಜ್ ಕಾಣದಂತೆ ಯಾರೋ ಸೆರಗು ಹೊದಿಸಿದ್ದರು.

ನನ್ನ ಕೈಯಲ್ಲಿದ್ದ ಚೀಟಿಯ ಪ್ರಕಾರ ಮುಂದಿನದು, 'ಹಳೆಯ ಆಟಗಾರರಿಂದ ಹಾರಾರ್ಪಣೆ.' ಆ ಸೆರಗು ನೋಡಿದ ಮೇಲೆ ನಾನು ಚೀಟಿ ಮಡಿಸಿದೆ. ಮೈಕಿನಲ್ಲಿ ಹೇಳಿದೆ: "ಹಾರ ಹಾಕೋ ಮುಂಚೆ ಮೇಷ್ಟ್ರ ಕಟ್ಟಳೆ ಒಂದೈತೆ, ಎಲ್ರಿಗೂ ನೆನಪಿರಬೇಕು. ಕಾಲಲ್ಲಿರೋದು ಬಿಚ್ಚಿ, ಬರಿಗಾಲಲ್ಲಿ ನಡ್ಕೊಂಡು ಹೋಗಿ ಆ ತುದಿ ಕಂಬ ಮುಟ್ಟಿ ಬನ್ನಿ. ಮುಟ್ಟಿ ಬಂದೋರು ಹಾರ ಹಾಕ್ಲಿ. ಆಗ್ದೇ ಇದ್ದೋರು ಅಲ್ಲೇ ಕೂತ್ಕಳ್ಲಿ."

ಸಭೆ ಮೊದಲು ನಕ್ಕಿತು, ಚಪ್ಪಾಳೆಯೂ ಬಿತ್ತು. ಗುತ್ತಿಗೆದಾರ ಹುರುಪಿನಿಂದ ಮೊದಲು ಶೂ ಬಿಚ್ಚಿದ. ಅವನ ಹಿಂದೆ ಉಳಿದವರು. ಕಾದ ಕಲ್ಲುಪುಡಿ ಅದು, ಹೆಂಚಿನಂತೆ ಸುಡುತ್ತಿತ್ತು, ಒಂದೊಂದು ಹರಳೂ ಚೂಪು. ನಾಲ್ಕು ಹೆಜ್ಜೆಗೆ ಒಬ್ಬ "ಅಮ್ಮಾ" ಎಂದು ಕುಂಟಿದ. ಇನ್ನೊಬ್ಬ ಪಂಚೆ ಎತ್ತಿ ಕುಪ್ಪಳಿಸುತ್ತಾ ಕಾರಿನ ನೆರಳಿಗೆ ಓಡಿದ. ಗುತ್ತಿಗೆದಾರ ಹಲ್ಲು ಕಚ್ಚಿಕೊಂಡು ಅರ್ಧದವರೆಗೆ ಹೋಗಿ, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಒಂದು ಕಾಲೆತ್ತಿ ಒಂದು ಕಾಲಿಡುತ್ತ ನಿಂತ.

"ಯಾಕ್ ನಿಂತೆ? ನಡಿ!" ಎಂದೆ ಮೈಕಿನಲ್ಲೇ. "ನೀನು ಬರೀ ಪಾದ ಇಟ್ಟಿದೀಯ. ಇವಳು ಮೈ ಇಟ್ಟಳು." ಹೊಸಕೋಟೆ ಹುಡುಗಿಯನ್ನು ಮುಂದಕ್ಕೆ ಕರೆದು ಸೆರಗು ಸರಿಸಿ ಅವಳ ಕೈ ಎತ್ತಿ ಹಿಡಿದೆ.  ಪ್ರಾಂಶುಪಾಲರು ಮೈಕಿನವನಿಗೆ ಆರಿಸು ಎಂದು ಕೈಸನ್ನೆ ಮಾಡುತ್ತಿದ್ದರು.

ಆಗ ವೇದಿಕೆಯ ಮೇಲೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ಮೇಷ್ಟ್ರ ಪೇಟ. ಅವರು ಬಗ್ಗಿ ಆ ಹೊಸ ಶೂವಿನ ಲೇಸು ಬಿಚ್ಚುತ್ತಿದ್ದರು. ಒಂದು ಶೂ ತೆಗೆದು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದರು. ಅವರ ಹೆಂಡತಿ, "ಅಯ್ಯೋ ಬ್ಯಾಡ, ಸಕ್ರೆ ಕಾಲು, ಗಾಯ ಆದ್ರೆ ಮಾಯಲ್ಲ," ಎಂದು ಅತ್ತರು. ಮೇಷ್ಟ್ರು ವಾಕರ್ ಎಳೆದುಕೊಂಡರು. "ಎಲ್ರೂ ಮುಟ್ಬೇಕು ಅಂದ್ಮೇಲೆ ನಾನೂ ಮುಟ್ಬೇಕಲ್ವಾ?" ಎಂದರು, ಮೆಲ್ಲಗೆ, ಜಗುಲಿಯಲ್ಲಿ ಮಾತಾಡಿದ ಹಾಗೆ.

ಅರ್ಧದಲ್ಲಿ ನಿಂತಿದ್ದ ಗುತ್ತಿಗೆದಾರ, "ಬ್ಯಾಡಿ ಸಾರ್! ಕಾಲಿಕ್ಬ್ಯಾಡಿ!" ಎಂದು ಅರಚಿಕೊಂಡು, ಅದುವರೆಗೆ ಕುಂಟುತ್ತಿದ್ದವನು ಅದೇ ಪುಡಿಯ ಮೇಲೆ ಓಡಿಬಂದ. ವೇದಿಕೆಯ ಮೆಟ್ಟಿಲಲ್ಲೇ ಮೇಷ್ಟ್ರ ಎರಡೂ ಪಾದ ಹಿಡಿದುಕೊಂಡು ಕೂತ. "ನಾನು ಯೋಚ್ನೆ ಮಾಡ್ಲಿಲ್ಲ ಸಾರ್, ನಾನು ಯೋಚ್ನೆನೇ ಮಾಡ್ಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದ. ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು. ನನ್ನ ಕಡೆ ನೋಡಿ, "ಹತ್ತು ಜನದ ಮುಂದೆ ಹುಡುಗ್ರ ಮಾನ ತೆಗ್ದುಬುಟ್ಟೆ ಕಣಮ್ಮ ನೀನು," ಎಂದರು. ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಬಿಟ್ಟರೆ ಬಿಡಲಿ ಎಂದುಕೊಂಡೆ. ನನಗೆ ಮಣ್ಣು ಬೇಕಿತ್ತು. ಊಟವಾದ ಕೂಡಲೇ ಗುತ್ತಿಗೆದಾರ ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿ, "ಜೆಸಿಬಿ ಕರೆಸ್ತೀನಿ, ಒಂದೇ ಗಳಿಗೆ," ಎಂದ. ಮತ್ತೆ ಪಿತ್ತ ನೆತ್ತಿಗೇರಿತು. ಜೆಸಿಬಿಯ ಹಲ್ಲು ಪುಡಿಯ ಜೊತೆ ಕೆಳಗಿನ ಮಣ್ಣನ್ನೂ ಬಗೆದು ಹಾಕುತ್ತದೆ. "ಅದು ಗೇಟೊಳಗೆ ಬಂದ್ರೆ ನಾನು ಅಡ್ಡ ಮಲಗ್ತೀನಿ. ಬಗ್ಗು. ಕೈಯಲ್ಲಿ ತೆಗಿ," ಎಂದೆ. ಪ್ರಾಂಶುಪಾಲರು ಕಲ್ಲಿನ ವಿಚಾರ ಎತ್ತಿದರು. ಗುತ್ತಿಗೆದಾರನೇ ಹೋಗಿ ತಾನು ಹಾಕಿಸಿದ್ದ ಗ್ರಾನೈಟ್ ಕಲ್ಲನ್ನು ಅಲ್ಲಾಡಿಸಿ ಕಿತ್ತ.

ಸನ್ಮಾನಕ್ಕೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದವರು ತೋಳು ಮಡಿಸಿದರು. ಕಾರುಗಳನ್ನು ಹೊರಗೆ ಕಳಿಸಿದೆವು. ಕಾಲೇಜಿನ ಹಳೆಯ ಬೆಂಚಿನ ಹಲಗೆಗಳನ್ನು ಕಿತ್ತು, ಅಂಚು ನೆಲಕ್ಕೆ ತಾಗುವಂತೆ ಓರೆಯಾಗಿ ಹಿಡಿದು, ಇಬ್ಬಿಬ್ಬರು ಸೇರಿ ಕಂಬದಿಂದ ಕಂಬಕ್ಕೆ ಎಳೆಯಬೇಕು. ಸಲಿಕೆ ಬೇಡವೆಂದೆ, ಚುಚ್ಚಿಕೊಳ್ಳುತ್ತದೆ. ಹಲಗೆ ಎಳೆದ ಕಡೆ ತೆಂಗಿನ ಪೊರಕೆ, ಪೊರಕೆ ಬಿದ್ದ ಕಡೆ ಗೋಣಿತಾಟು. ಮೇಷ್ಟ್ರು ಹೇಳಿದ್ದು ನಿಜ, ಒಣ ಪುಡಿ ತಳಕ್ಕೆ ಹಿಡಿದಿರಲಿಲ್ಲ, ಹಪ್ಪಳದಂತೆ ಎದ್ದು ಬಂತು. ಬೂದಿಯ ಕೆಳಗಿಂದ ಕೆಂಪು ಕಾಣಿಸಿಕೊಂಡಾಗ ಹುಡುಗಿಯರು ಕೂಗಿಕೊಂಡರು. ಮಾರನೆಯ ದಿನ ಸಂಚಾಲಕರು ಬಂದು ಮಂಡಿಯೂರಿ ಅಂಗೈ ಉಜ್ಜಿ ನೋಡಿ, "ಪೂರ್ತಿ ಮಾಡಿ, ಇಲ್ಲೇ ನಡೆಸೋಣ," ಎಂದು ಹೋದರು.

ಆದರೆ ರೋಲರಿನ ಭಾರಕ್ಕೆ ಕೆಳಗಿನ ಮಣ್ಣು ಹಲಗೆಯಾಗಿತ್ತು. ಅದನ್ನು ಹಗುರಾಗಿ ಕೆದಕಿ, ಮೇಲೊಂದು ಹೊಸ ಪದರ ಕೊಡಲೇಬೇಕಿತ್ತು. ವಾಟ್ಸಾಪ್ ಗುಂಪಿನಲ್ಲಿ ಹಾರದ ಫೋಟೋಗಳ ನಡುವೆ ಒಂದೇ ಸಾಲು ಹಾಕಿದೆ: "ಎಲ್ಲರೂ ಊರ ಮಣ್ಣು ತನ್ನಿ." ಮದಲೂರಿನವರು ಆಟೋದಲ್ಲಿ ಕೆರೆಗೋಡು ಹೇರಿಕೊಂಡು ಬಂದರು. ಹೊಸಕೋಟೆಯಿಂದ ಹುಡುಗಿಯ ಅಪ್ಪನೇ ಬಸ್ಸಿನ ಮೇಲೆ ಎರಡು ಚೀಲ ಹಾಕಿಕೊಂಡು ಬಂದು ಇಳಿದರು. ಮಗಳ ಕೈ ನೋಡಿ ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಚೀಲ ಬಿಚ್ಚಿ, "ಇದು ಮೆತ್ತಗಿರೋದು ಮೇಡಂ, ಬಿಡ್ಡ ಬೀಳೋ ಕಡೆ ಹಾಕಿಸಿ," ಎಂದರು. ಮಗಳು ಎಲ್ಲಿ ಬೀಳುತ್ತಾಳೆ ಎಂದು ಅವರಿಗೆ ಗೊತ್ತಿತ್ತೆಂಬುದು ನನಗೆ ಅಂದೇ ತಿಳಿದದ್ದು.

ಬೆರೆಸಿ ಉಂಡೆ ಕಟ್ಟಿ ಬಿಟ್ಟೆ. ಪುಡಿಯಾಯಿತು. ಗೋಡು ಹೆಚ್ಚಿಸಿ ಬಿಟ್ಟೆ. ಅಪ್ಪಚ್ಚಿ. ಮೇಷ್ಟ್ರಿಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿ, "ಮಲಗವ್ರೆ ಕಣಮ್ಮ," ಎಂದರು. ಹಿಂದೆ ಮೇಷ್ಟ್ರು ಕೆಮ್ಮುವುದು ನನಗೆ ಕೇಳಿಸುತ್ತಿತ್ತು. "ಮಲಗಿರ್ಲಿ ಬಿಡಿ, ನಾನೇ ಮಾಡ್ಕೋತೀನಿ," ಎಂದು ಕಟ್ ಮಾಡಿದೆ. ಸಿಟ್ಟಿನಲ್ಲಿ ಎಷ್ಟು ಉಂಡೆ ಬೀಳಿಸಿದೆನೋ, ಕೊನೆಗೊಂದು ನೆಟ್ಟಗೆ ಎರಡು ಹೋಳಾಯಿತು. ಹಾಸಿ, ನೀರು ಚಿಮುಕಿಸಿ, ಸಾಲಾಗಿ ನಿಂತು ತುಳಿದೆವು. ಗುತ್ತಿಗೆದಾರ ಪಾದಕ್ಕೆ ಎದ್ದ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಸಾಲಿನಲ್ಲಿ ಇದ್ದ.

ಪಂದ್ಯಾವಳಿ ನಮ್ಮಲ್ಲೇ ನಡೆಯಿತು. ಫೈನಲ್ ದಿನ ಗುತ್ತಿಗೆದಾರ ಮೇಷ್ಟ್ರನ್ನು ಕಾರಿನಲ್ಲಿ ಕರೆತಂದು ಗೆರೆಯ ಆಚೆ ಕುರ್ಚಿ ಹಾಕಿ ಕೂರಿಸಿದ. ಅವರ ಕಾಲಲ್ಲಿ ರಬ್ಬರ್ ಚಪ್ಪಲಿ. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಅಧಿಕಾರಿಗಳೆಲ್ಲ ಸಮವಸ್ತ್ರದಲ್ಲಿ ಇರಬೇಕೆಂಬ ನಿಯಮದಿಂದ ನಾನು ಅಂದು ಟ್ರ್ಯಾಕ್ ಸೂಟು, ಬಿಳಿ ಶೂ ಹಾಕಿ ಗೆರೆಯ ಹೊರಗೆ ನಿಂತಿದ್ದೆ. ಹುಡುಗಿಯ ಅಪ್ಪ ಬೇಲಿಯ ಹತ್ತಿರ ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ.

ಕೊನೆಯ ಸರದಿ. ನಮ್ಮವರು ಅಟ್ಟುತ್ತಿದ್ದರು. ಗೆಲ್ಲಲು ಇನ್ನೊಬ್ಬಳನ್ನು ಮುಟ್ಟಬೇಕು, ಹೊತ್ತು ಮುಗಿಯುತ್ತ ಬಂದಿದೆ. ಖೋ ಸಿಕ್ಕ ಹೊಸಕೋಟೆಯವಳು ಎದ್ದಳು. ಎದುರಾಳಿ ಕಂಬ ಬಳಸಿ ತಪ್ಪಿಸಿಕೊಳ್ಳಲು ಹೊರಟಳು. ಇವಳು ಕಂಬಕ್ಕೆ ಕೈ ಹಾಕಿದಳು, ಅದೇ ಗಾಯದ ಕೈ. ಮೈ ಬೀಸಿ, ಪೂರ್ತಿ ಚಾಚಿ ಬಿದ್ದಳು. ಬೆರಳು ಎದುರಾಳಿಯ ಹಿಮ್ಮಡಿಗೆ ತಾಗಿದ್ದೂ ಸೀಟಿ ಊದಿದ್ದೂ ಒಟ್ಟಿಗೇ ಆಯಿತು. ಔಟ್! ಎಲ್ಲರೂ ಹೋ ಎಂದರು. ಇವಳು ಮಾತ್ರ ಬಿದ್ದಲ್ಲಿಂದ ಏಳಲಿಲ್ಲ.

ನನಗೆ ಆಸ್ಪತ್ರೆ, ಬ್ರಷ್ಷು, ರಕ್ತದೊಳಗಿನ ಪುಡಿ ಎಲ್ಲ ಕಣ್ಣ ಮುಂದೆ ಬಂತು. ಗೆರೆ ದಾಟಿ ಅವಳ ಕಡೆ ಓಡಿದೆ.

"ಲೇ! ಬಿಚ್ಲೇ!"

 ತಿರುಗಿ ನೋಡಿದೆ. ಮೇಷ್ಟ್ರು ಎದ್ದು ನಿಂತಿದ್ದರು, ವಾಕರ್ ಹಿಡಿದಿರಲಿಲ್ಲ. ಕತ್ತಿನ ನರ ಉಬ್ಬಿ, ಮುಖ ಕೆಂಪಾಗಿ, ಬೆರಳು ನೆಟ್ಟಗೆ ನನ್ನ ಬಿಳಿ ಶೂ ಕಡೆಗೇ. "ನಿಂಗೇ ಕಣಮ್ಮ ಹೇಳ್ತಿರೋದು! ಯಾರಪ್ಪಂದು ಅಂತ ತುಳೀತಿದೀಯೇ ಅದನ್ನ? ಬಿಚ್ಚು!"

ಹೊಸಕೋಟೆ ಹುಡುಗಿ ಬಿದ್ದಲ್ಲಿಂದಲೇ ತಲೆಯೆತ್ತಿ ನನ್ನ ಕಾಲು ನೋಡಿ ಕಿಸಕ್ಕನೆ ನಕ್ಕಳು. ಮೊಣಕೈ ಎತ್ತಿ ತೋರಿಸಿದಳು. ಬ್ಯಾಂಡೇಜಿನ ಮೇಲೆ ಕೆಂಪಗೆ ಮೆತ್ತಿದ್ದನ್ನು ಕೈಯಿಂದ ಒರೆಸಿದಳು. ಬರೀ ಮಣ್ಣು.

ನಾನು ಅಲ್ಲೇ ಕೂತು ಶೂ ಬಿಚ್ಚಿದೆ.